ಇನ್ನೊಂದು ಸಲ ನೋಡಿದರೆ ತಪ್ಪೇನು?

ಕಳೆದ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷ್ ಪಾಠದ ನಡುವೆ ಎದ್ದು ನಿಂತು, "ಮಿಸ್, ರೀಚೆಕ್ಕಿಗೂ ಡಬಲ್ ಚೆಕ್ಕಿಗೂ ಏನು ವ್ಯತ್ಯಾಸ?" ಎಂದು ಕೇಳಿದಳು. ಗಂಟೆ ಹೊಡೆಯುವ ಹೊತ್ತು. "ಎರಡೂ ಒಂದೇ, ಕೂತ್ಕೋ" ಎಂದುಬಿಟ್ಟೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಮನಸ್ಸು ಚುಚ್ಚಿತು. ಸಂಜೆ ಮನೆಗೆ ಬಂದು ನಿಘಂಟು ತೆರೆದೆ.

ರೀಚೆಕ್ ಎಂದರೆ ಒಮ್ಮೆ ನೋಡಿದ್ದನ್ನು ಮತ್ತೆ ನೋಡುವುದು. ಡಬಲ್ ಚೆಕ್ ಎಂದರೂ ಎರಡನೆಯ ಸಲ ನೋಡುವುದೇ. ಆದರೆ ತಪ್ಪು ಉಳಿಯಬಾರದು, ಖಾತ್ರಿಯಾಗಬೇಕು ಎಂಬ ಕಾಳಜಿ ಆ ಮಾತಿನಲ್ಲಿ ಹೆಚ್ಚು. ಇವೆರಡರ ಜೊತೆಗೆ ಕ್ರಾಸ್ ಚೆಕ್ ಎಂಬ ಮೂರನೆಯದೂ ಇದೆ. ಅದು ಬೇರೆ ದಾರಿಯಿಂದ, ಬೇರೆ ಆಧಾರದಿಂದ ನೋಡುವುದು. ನಮ್ಮ ಹಳೆಯ ಲೆಕ್ಕದ ಮೇಷ್ಟ್ರುಗಳು ಇದನ್ನೇ "ತಾಳೆ ನೋಡು" ಎನ್ನುತ್ತಿದ್ದರು. 247ನ್ನು 6ರಿಂದ ಭಾಗಿಸಿದರೆ 41 ಬಂದು 1 ಉಳಿಯಿತು ಅನ್ನಿ. ಅದೇ ಭಾಗಾಕಾರವನ್ನು ಮತ್ತೆ ಮಾಡಿದರೆ ರೀಚೆಕ್. 41ನ್ನು 6ರಿಂದ ಗುಣಿಸಿ 1 ಕೂಡಿ, 247 ಬಂತೇ ಎಂದು ನೋಡಿದರೆ ತಾಳೆ. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆ ಇರುವ ಭಾಷೆ ನಮ್ಮದು. ಪದಕ್ಕೆ ಬಡತನವಿಲ್ಲ, ಅಭ್ಯಾಸಕ್ಕೆ ಬಡತನ.

ಇದನ್ನು ನಾನು ಕಲಿತದ್ದು ನಿಘಂಟಿನಿಂದಲ್ಲ, ಅವಮಾನದಿಂದ. ಹಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ತಾಯಿಯನ್ನು ಕರೆದುಕೊಂಡು ಬಂದಳು. ಸಮಾಜ ವಿಜ್ಞಾನದಲ್ಲಿ 61 ಬಂದಿತ್ತು. "ಇನ್ನೊಂದ್ಸಲ ನೋಡ್ತೀರಾ ಟೀಚರಮ್ಮ?" ಎಂದು ಆ ತಾಯಿ ಸೆರಗು ಹಿಡಿದುಕೊಂಡು ಕೇಳಿದರು. ನನಗೆ ಸಿಟ್ಟು ಬಂತು. "ನಾನು ಎರಡು ಸಲ ಕೂಡಿದ್ದೀನಿ" ಎಂದೆ. ಕೂಡಿದ್ದು ನಿಜವೇ. ಆದರೆ ಎರಡು ಸಲವೂ ಕೂಡಿದ್ದು ಉತ್ತರಪತ್ರಿಕೆಯ ಮುಖಪುಟಕ್ಕೆ ಎತ್ತಿ ಬರೆದ ಅಂಕಿಗಳನ್ನು. ಹುಡುಗಿ ಹೆದರುತ್ತಲೇ ಒಳಗಿನ ಹೆಚ್ಚುವರಿ ಹಾಳೆ ತೆಗೆದು ತೋರಿಸಿದಳು. ಅಲ್ಲಿ ನನ್ನದೇ ಕೆಂಪು ಶಾಯಿಯಲ್ಲಿ 9 ಅಂಕ ಕೂತಿತ್ತು. ಮುಖಪುಟಕ್ಕೆ ಬಂದೇ ಇರಲಿಲ್ಲ. ಹತ್ತು ಸಲ ಕೂಡಿದ್ದರೂ ನನಗೆ 61 ಬರುತ್ತಿತ್ತು. ಅಂದಿನಿಂದ ನಾನೂ ನನ್ನ ಸಹೋದ್ಯೋಗಿಯೂ ಪತ್ರಿಕೆಯ ಕಟ್ಟುಗಳನ್ನು ಅದಲು ಬದಲು ಮಾಡಿಕೊಂಡು, ಒಳಪುಟಗಳಿಂದ ಹಿಡಿದು ತಾಳೆ ನೋಡುತ್ತೇವೆ.

ಎಸ್ಸೆಸ್ಸೆಲ್ಸಿಯಲ್ಲೂ ಇದೇ ಭೇದವಿದೆ. ಮರುಎಣಿಕೆಯೆಂದರೆ ಕೊಟ್ಟ ಅಂಕಗಳನ್ನು ಮತ್ತೆ ಕೂಡಿ ನೋಡುವುದು. ಮರುಮೌಲ್ಯಮಾಪನವೆಂದರೆ ಉತ್ತರವನ್ನೇ ಮತ್ತೆ ಓದಿ ಅಂಕ ಕೊಡುವುದು. ಇವೆರಡರ ವ್ಯತ್ಯಾಸ ತಿಳಿಯದೆ ಹಣ ಕಟ್ಟಿ ಬಂದವರನ್ನು ನಾನು ಕಂಡಿದ್ದೇನೆ. 2005ರ ಮಾಹಿತಿ ಹಕ್ಕು ಕಾಯಿದೆಯ ಅಡಿಯಲ್ಲಿ ಪರೀಕ್ಷೆ ಬರೆದವರು ತಮ್ಮ ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ನೋಡಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೂ ಫಲಿತಾಂಶ ಬಂದ ಮೇಲೆ ಮನೆಗಳಲ್ಲಿ ಕೇಳಿಬರುವ ಮಾತೇನು? ಮಗನಿಗೆ ನಾಲ್ಕು ಅಂಕ ಕಡಿಮೆಯಾದರೆ ಅಪ್ಪ ಅರ್ಜಿ ಹಿಡಿದು ಓಡುತ್ತಾನೆ. ಮಗಳಾದರೆ, "ಪಾಸಾಗಿದೆಯಲ್ಲ, ಸುಮ್ನಿರು" ಎನ್ನುತ್ತಾರೆ. ನಾನು ಕಂಡ ಎಷ್ಟೋ ಮನೆಗಳ ಕತೆ ಇದು.

ನಾವು ಹೆಂಗಸರು ಮತ್ತೆ ಮತ್ತೆ ನೋಡದವರೇನಲ್ಲ. ಮಲಗುವ ಮುಂಚೆ ಗ್ಯಾಸಿನ ನಾಬ್ ನೋಡುತ್ತೇವೆ. ಹಾಸಿಗೆಯಿಂದ ಎದ್ದು ಬಂದು ಇನ್ನೊಮ್ಮೆ ನೋಡುತ್ತೇವೆ. ಬಸ್ ಸ್ಟ್ಯಾಂಡಿನಿಂದ ಹಿಂದಿರುಗಿ ಬಂದು ಬೀಗ ಜಗ್ಗುತ್ತೇವೆ. ಮನೆಯವರೂ ಇದನ್ನೆಲ್ಲ ನಮ್ಮಿಂದ ಬಯಸುತ್ತಾರೆ. ಹಾಗಾದರೆ ನಮ್ಮ ಹೆಸರಿನ ಕಾಗದ ಬಂದಾಗ ಮಾತ್ರ ನಮ್ಮ ಕಣ್ಣು ಮುಚ್ಚಿಹೋಗುವುದೇಕೆ?

ನನ್ನದೇ ಮಾತು ಹೇಳುತ್ತೇನೆ. 2009ರಲ್ಲಿ, ತಂದೆಯ ವರ್ಷಾಬ್ದಿಕ ಮುಗಿದ ಮೇಲೆ, ನನ್ನ ಒಡಹುಟ್ಟಿದವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದರು. ನಾಲ್ಕು ಹಾಳೆಯ ಪತ್ರ. ಓದಲು ಕೈಗೆತ್ತಿಕೊಂಡೆ. "ಏನೇ, ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದರು. ನಗುತ್ತಲೇ ಅಂದದ್ದು. ನಾಚಿಕೆಯಾಗಿ ಓದದೆ ಸಹಿ ಹಾಕಿದೆ. ಪರೀಕ್ಷೆಯ ದಿನ "ಪ್ರಶ್ನೆಯನ್ನು ಎರಡೆರಡು ಸಲ ಓದಿ" ಎಂದು ಮಕ್ಕಳಿಗೆ ಹೇಳುವ ನಾನು! ಅದು ಹಕ್ಕು ಬಿಡುಗಡೆ ಪತ್ರ ಎಂದು ತಿಳಿದದ್ದು ಆಮೇಲೆ. ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರಲ್ಲೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿಯಾಗಿತ್ತು. ಓದಿದ್ದರೆ ಸಹಿ ಹಾಕುತ್ತಿರಲಿಲ್ಲ ಎಂದು ಹೇಳುವುದಿಲ್ಲ. ತವರಿನ ಮೋಹ ದೊಡ್ಡದು, ತಿಳಿದೇ ಬಿಟ್ಟುಕೊಡುತ್ತಿದ್ದೆನೇನೋ. ಆದರೆ ತಿಳಿದು ಕೊಟ್ಟರೆ ಅದು ದಾನ. ನನ್ನಿಂದ ಆದದ್ದು ದಾನವೂ ಅಲ್ಲ.

"ನಂಬಿಕೆ ಇಲ್ವಾ?" ಎಂಬ ಈ ಪ್ರಶ್ನೆಯ ಮೇಲೆಯೇ ನನ್ನ ಜಗಳ. ಬ್ಯಾಂಕಿನಲ್ಲಿ ನಾವು ಕೊಟ್ಟ ನೋಟಿನ ಕಂತೆಯನ್ನು ಕ್ಯಾಷಿಯರ್ ನಮ್ಮೆದುರೇ ಎಣಿಸುತ್ತಾನೆ. ನಮಗೆ ಅವಮಾನವಾಗುವುದಿಲ್ಲ. ಔಷಧಿ ಅಂಗಡಿಯವನು ಚೀಟಿ ನೋಡಿ ಮಾತ್ರೆಯ ಹೆಸರನ್ನು ಇನ್ನೊಮ್ಮೆ ಓದಿದರೆ ಒಳ್ಳೆಯವನು ಎನ್ನುತ್ತೇವೆ. ಹೆಂಗಸು ತನ್ನ ಕಾಗದವನ್ನು ಓದಿದರೆ ಮಾತ್ರ ಅದು ಅಪನಂಬಿಕೆ ಆಗಿಬಿಡುತ್ತದೆ! ತಪ್ಪಾದರೆ ಅದರ ಫಲ ಉಣ್ಣುವವರು ಯಾರೋ, ಮತ್ತೊಮ್ಮೆ ನೋಡುವ ಹಕ್ಕು ಅವರದು. ನಿಜವಾದ ನಂಬಿಕೆ ಒಂದು ಕಾಗದ ಓದಿದ್ದಕ್ಕೆ ಮುರಿಯುವುದಿಲ್ಲ.

ಎಲ್ಲವನ್ನೂ ಅನುಮಾನಿಸುತ್ತ ಕೂತರೆ ಸಂಸಾರ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ನಾಲ್ಕು ಸಲ ಗ್ಯಾಸ್ ನೋಡುವುದನ್ನು ನಾನೂ ಮೆಚ್ಚುವುದಿಲ್ಲ. ಅದು ಗಾಬರಿ, ಪರಿಶೀಲನೆಯಲ್ಲ. ಮುಖ್ಯವಾದುದನ್ನು ಒಮ್ಮೆ ನೀವೇ ಓದಿ. ಇನ್ನೊಮ್ಮೆ, ಅದರಲ್ಲಿ ಲಾಭವಿಲ್ಲದ, ತಿಳಿದ ಒಬ್ಬರಿಗೆ ಓದಿಸಿ. ಸಹಿಯನ್ನು ನಾಳೆಗೆ ಇಟ್ಟುಕೊಳ್ಳಿ. ನಾಳೆಯವರೆಗೆ ಕಾಯಲಾಗದು ಎಂದು ಅವಸರ ಮಾಡುವವರಿದ್ದರೆ, ಮೂರನೆಯ ಸಲವೂ ಓದಿ.

ಮರುದಿನ ತರಗತಿಗೆ ಹೋಗಿ, "ನಿನ್ನೆ ನಾನು ಹೇಳಿದ್ದು ಪೂರ್ತಿ ಸರಿಯಲ್ಲ" ಎಂದು ಆ ಹುಡುಗಿಗೆ ಮೂರು ಪದಗಳನ್ನೂ ಬಿಡಿಸಿ ಹೇಳಿದೆ. ಅವಳು ಬರೆದುಕೊಂಡಳು. "ಬರೆದುಕೊಂಡರೆ ಸಾಲದು, ಲೈಬ್ರರಿಗೆ ಹೋಗಿ ನೀನೇ ನಿಘಂಟು ನೋಡು" ಎಂದೆ. "ನೀವು ಹೇಳಿದ್ದೀರಲ್ಲ ಮಿಸ್?" ಎಂದಳು. "ಅದಕ್ಕೇ ನೋಡು" ಎಂದೆ.