ಉಗ್ರಾಣದಲ್ಲಿ ಮಲಗಿದ ಹಣ



ಕಿರಾಣಿ ಅಂಗಡಿಯ ಭಕ್ತರೊಬ್ಬರು ಈಚೆಗೆ ಬಂದು, "ಶಾಸ್ತ್ರಿಗಳೇ, ವ್ಯಾಪಾರವೇನೋ ನಡೆದಿದೆ, ಕೈಯಲ್ಲಿ ರೊಕ್ಕ ಮಾತ್ರ ನಿಲ್ಲುತ್ತಿಲ್ಲ. ಇನ್ನಷ್ಟು ಸಾಲ ತೆಗೆಯಲೇ?" ಎಂದು ಕೇಳಿದರು. ಖಾತೆ-ಕಿರ್ದಿಗಳನ್ನು ತರಿಸಿ ನೋಡಿದೆ. ಅಂಗಡಿಯಲ್ಲಿದ್ದ ಸರಕು 3 ಲಕ್ಷ ರೂಪಾಯಿಯದು. ಅಸಲಿನ ಲೆಕ್ಕದಲ್ಲಿ ದಿನಕ್ಕೆ ಮಾರಾಟವಾಗುವುದು 5,000 ರೂಪಾಯಿಯದು. ಎಂದರೆ, ತಂದ ಸರಕು ಸರಾಸರಿ 60 ದಿನ ಕುಳಿತಿರುತ್ತದೆ. ಅದನ್ನು 30 ದಿನಕ್ಕೆ ಇಳಿಸಿದರೆ ಒಂದೂವರೆ ಲಕ್ಷ ಬಿಡುಗಡೆಯಾಗುವುದು. ಆ ಹಣ ಶೇ. 18ರ ಬಡ್ಡಿಯದಾಗಿದ್ದರೆ ವರ್ಷಕ್ಕೆ 27,000 ರೂಪಾಯಿ ಉಳಿಯುವುದು. ಅವರು ಹುಡುಕುತ್ತಿದ್ದ ಹಣ ಅವರ ಉಗ್ರಾಣದಲ್ಲಿಯೇ ಮಲಗಿತ್ತು.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವು ವೈರಾಗ್ಯದ ಪಾಠವೆಂದು ಕೇಳುತ್ತ ಬಂದಿದ್ದೇವೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಆ ತಾಯಿ, ಮಿಕ್ಕುದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಿರುಗಿಸಿದಳು. ನನಗೆ ಅದು ವ್ಯವಹಾರದ ಪಾಠವಾಗಿಯೂ ಕಾಣುತ್ತದೆ. ಆಕೆಗೆ ತನ್ನ ಮನೆಯ ಒಂದು ದಿನದ ಅಗತ್ಯ ಎಷ್ಟೆಂಬುದು ಖಚಿತವಾಗಿ ಗೊತ್ತಿತ್ತು. ನಮ್ಮಲ್ಲಿ ಎಷ್ಟು ಅಂಗಡಿಕಾರರಿಗೆ ತಮ್ಮ ಸಕ್ಕರೆ ಎಷ್ಟು ದಿನಕ್ಕೆ ಖರ್ಚಾಗುವುದೆಂಬುದು ಗೊತ್ತಿದೆ?

ಹಾಗೆಂದು ಎಲ್ಲ ಸರಕಿಗೂ ಒಂದೇ ಅಳತೆ ಸಲ್ಲದು. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಪಾಡಿದರು. ಬರಗಾಲದಲ್ಲಿ ಆ ಹಗೇವುಗಳೇ ಊರನ್ನು ಉಳಿಸಿದವು. (ತೆರೆದೊಡನೆ ಯಾರೂ ಒಳಗಿಳಿಯುತ್ತಿರಲಿಲ್ಲ, ಕೆಟ್ಟ ಗಾಳಿ ಹೊರಹೋಗುವವರೆಗೆ ಕಾಯುತ್ತಿದ್ದರು.) ಬ್ಯಾಡಗಿ ಮೆಣಸಿನಕಾಯಿಯ ಧರ್ಮವೇ ಬೇರೆ. ಅದರ ಬೆಲೆಯಿರುವುದು ಖಾರಕ್ಕಿಂತ ಹೆಚ್ಚಾಗಿ ಕೆಂಪು ಬಣ್ಣದಲ್ಲಿ. ಬಿಸಿಲು, ಸೆಕೆಗಳಿಗೆ ಆ ಬಣ್ಣ ಮಾಸುತ್ತದೆ. ಶೀತಲಗೃಹದ ಬಾಡಿಗೆ ತೆತ್ತು, ಬೆಲೆ ಏರೀತೆಂದು ಕೂಡಿಟ್ಟವರ ಎಣಿಕೆಯನ್ನು ಮಾರುಕಟ್ಟೆ ಕೇಳುವುದಿಲ್ಲ. 2024ರ ಮಾರ್ಚಿಯಲ್ಲಿ ಬೆಲೆ ಕುಸಿದಾಗ ಬ್ಯಾಡಗಿಯ ಮಾರುಕಟ್ಟೆಯಲ್ಲಿ ರೈತರ ಆಕ್ರೋಶ ಬೆಂಕಿಯಾಗಿಯೇ ಉರಿಯಿತು. ತಾಳುವುದನ್ನು ಸುಗ್ಗಿಯಲ್ಲಿ ಕೊಳ್ಳಿರಿ. ಮಾಸುವುದನ್ನು ವಾರವಾರ ತನ್ನಿರಿ.

ಒಬ್ಬನೇ ಸಗಟು ವ್ಯಾಪಾರಿಯನ್ನು ನಂಬಿಕೊಂಡಿರುವುದೂ ಒಳ್ಳೆಯದಲ್ಲ. 2020ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಇದು ತಿಳಿಯಿತು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಬಿಗಿಯ ಕಾಲ ಬಂದೊಡನೆ ನಮ್ಮಲ್ಲಿ ಅನೇಕರು ಮಾಡುವ ಮೊದಲ ಕೆಲಸವೆಂದರೆ ಕೊಡುವ ಬಾಕಿಯನ್ನು ಮುಂದೂಡುವುದು. ಅದೂ ದೊಡ್ಡ ಕಂಪನಿಯದನ್ನಲ್ಲ. ಅವರು ಸರಕು ನಿಲ್ಲಿಸುತ್ತಾರೆಂಬ ಭಯವಿದೆ. ಮುಂದೂಡುವುದು ಹಪ್ಪಳ, ಶಾವಿಗೆ ಮಾಡಿಕೊಡುವ ಓಣಿಯ ತಾಯಂದಿರದನ್ನು. ನೋಂದಾಯಿತ ಕಿರು ಉದ್ದಿಮೆಯವರಿಗೆ ಕರಾರಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಶಾಸನ ವಿಧಿಸಿದೆ. ನೋಂದಣಿಯಿಲ್ಲದ ಬಡವಿಗೆ ಆ ಆಸರೆಯೂ ಇಲ್ಲ. ಆಕೆಯ ಬಂಡವಾಳವೆಂದರೆ ಮುಂದಿನ ವಾರದ ಹಿಟ್ಟು; ನಾವು ಹಣ ತಡೆದರೆ ಆಕೆಯ ಒಲೆ ನಿಲ್ಲುತ್ತದೆ, ಮರುತಿಂಗಳು ನಮ್ಮ ಅಂಗಡಿಯಲ್ಲಿ ಶಾವಿಗೆ ಇರುವುದಿಲ್ಲ.

ಆ ಭಕ್ತರ ಕಿರ್ದಿಯಲ್ಲಿ ಅಂಥದೊಂದು ಬಾಕಿಯಿತ್ತು: 4,200 ರೂಪಾಯಿ, ಮೂರು ತಿಂಗಳಿನದು. ಸಾಲದ ಮಾತನ್ನು ಬಿಟ್ಟು ನಾನು ಮೊದಲು ಗೆರೆ ಎಳೆದದ್ದು ಅದರ ಕೆಳಗೆ. ಅವರು ಏನೂ ಹೇಳಲಿಲ್ಲ; ಅಂದೇ ಸಂಜೆ ಆ ತಾಯಿಯ ಮನೆಗೆ ಹಣ ಮುಟ್ಟಿಸಿ ಬಂದರು.