‘ಮನೆ ಮಗಳು’ ಅಂದ್ರೆ ಸಾಲದು, ಲೆಕ್ಕಾನೂ ಇರಲಿ

ಗೋಕುಲಾಷ್ಟಮಿಗೆ ಇನ್ನು ನಾಲ್ಕೇ ದಿನ. ಮೂವತ್ತು ಕೆ.ಜಿ. ಚಕ್ಕುಲಿ, ಹತ್ತು ಕೆ.ಜಿ. ಕೋಡುಬಳೆಗೆ ಆರ್ಡರ್ ತಗೊಂಡುಬಿಟ್ಟಿದ್ದೀರಿ. ಗಿರಣಿಯಿಂದ ಹಿಟ್ಟು ಬಂದು ಕೂತಿದೆ. ಗಂಟೆ ಹತ್ತಾಯಿತು. ಒತ್ತುವವಳೂ ಇಲ್ಲ, ಕರಿಯುವವಳೂ ಇಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್! ಆಗ ನಿಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು ಹೇಳಿ? ‘ಮನೆ ಮಗಳ ಥರ ನೋಡ್ಕೊಂಡೆ, ಕೊನೆಗೆ ಹೀಗೆ ಕೈಕೊಟ್ಲಲ್ಲ!’

ಹೌದು ತಾನೇ? ತಿಂಡಿ ಮಾಡಿ ಮಾರುವವರಿರಲಿ, ಮುಂದಿನ ರೂಮಿನಲ್ಲಿ ಎರಡು ಮಷಿನ್ ಹಾಕಿಕೊಂಡು ಬ್ಲೌಸ್ ಹೊಲಿಸುವವರಿರಲಿ, ಕಾರ್ ಶೆಡ್ಡನ್ನೇ ಬ್ಯೂಟಿ ಪಾರ್ಲರ್ ಮಾಡಿಕೊಂಡವರಿರಲಿ, ಎಲ್ಲರ ಗೋಳೂ ಒಂದೇ. ‘ಬಿಸಿನೆಸ್ ಮಾಡೋದು ಕಷ್ಟ ಅಲ್ಲ ಕಣ್ರೀ, ಕೆಲಸದವರನ್ನ ಸಂಭಾಳಿಸೋದೇ ಕಷ್ಟ.’

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕೋಪ ಮಾಡ್ಕೋಬೇಡಿ. ತೊಂದರೆಯ ಮೂಲ ಆ ‘ಮನೆ ಮಗಳು’ ಎಂಬ ಮಾತಿನಲ್ಲೇ ಇದೆ. ಸಂಜೆ ಒಂದು ಗಂಟೆ ಹೆಚ್ಚು ಇರಿಸಿಕೊಳ್ಳುವಾಗ ಆಕೆ ಮನೆ ಮಗಳು. ಸಂಬಳ ಜಾಸ್ತಿ ಮಾಡಿ ಅಂದ ದಿನ ಆಕೆ ಕೆಲಸದವಳು. ಕಾಫಿ ಕುಡಿಯಲು ಬೇರೆ ಲೋಟ, ಬಚ್ಚಲುಮನೆಗೆ ಹೋಗಬೇಕೆಂದರೆ ‘ನಿಮ್ಮ ಮನೆ ಹತ್ರಾನೇ ಅಲ್ವಾ, ಹೋಗಿ ಬಂದುಬಿಡು’. ಯಾವ ಮನೆಯ ಮಗಳಿಗೆ ಹೀಗೆ ಹೇಳ್ತೀವಿ? ಅವರೂ ಕಡಿಮೆಯಿಲ್ಲ ಬಿಡಿ. ದುಡ್ಡು ಬೇಕಾದಾಗ ನಾವು ‘ಅಕ್ಕ’, ಹೇಳದೆ ರಜೆ ಹಾಕುವಾಗ ‘ಓನರ್’. ಹೀಗೆ ಎರಡೂ ಕಡೆ ಅರ್ಧಂಬರ್ಧ ಸಂಬಂಧ ಇಟ್ಟುಕೊಂಡರೆ ಮನಸ್ತಾಪ ಬಾರದೆ ಇನ್ನೇನು ಬಂದೀತು?

ಲಿಜ್ಜತ್ ಹಪ್ಪಳದ ಕಥೆ ನಿಮಗೆ ಗೊತ್ತಿರಬಹುದು. 1959ರಲ್ಲಿ ಮುಂಬೈನ ಗಿರ್ಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು, ತಾವಿದ್ದ ಕಟ್ಟಡದ ತಾರಸಿಯ ಮೇಲೆ ಹಪ್ಪಳ ಲಟ್ಟಿಸಲು ಕೂತರು. ಅವರಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಆ ಸಂಸ್ಥೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ‘ಬೆನ್’, ಅಂದರೆ ಅಕ್ಕತಂಗಿಯರು. ಆದರೆ ಅದು ಬರೀ ಬಾಯಿಮಾತಲ್ಲ. ಹಪ್ಪಳ ಲಟ್ಟಿಸುವ ಹೆಂಗಸೂ ಅಲ್ಲಿ ಒಡತಿಯೇ. ಲಾಭದಲ್ಲಿ ಪಾಲುಂಟು, ನಷ್ಟದಲ್ಲೂ ಪಾಲುಂಟು. ಅಕ್ಕತಂಗಿ ಅನ್ನುವ ಮಾತಿಗೆ ಅಲ್ಲಿ ಲೆಕ್ಕದ ಆಧಾರ ಇದೆ.

ಮೂರು ಜನರನ್ನಿಟ್ಟುಕೊಂಡ ನಾವು ಅಷ್ಟು ಮಾಡಲಾರೆವು, ಒಪ್ಪೋಣ. ಆದರೆ ಪ್ರೀತಿಯ ಪಕ್ಕದಲ್ಲಿ ಒಂದು ಲೆಕ್ಕದ ಪುಸ್ತಕ ಇಡಬಹುದಲ್ಲ?

ಮೊದಲ ದಿನವೇ ಬಾಯಿಬಿಟ್ಟು ಹೇಳಿ

‘ನೀನು ಬಾ, ಆಮೇಲೆ ನೋಡೋಣ’ ಅನ್ನಬೇಡಿ. ಬರುವ ಹೊತ್ತು, ಹೋಗುವ ಹೊತ್ತು, ಸಂಬಳ ಎಷ್ಟು, ಯಾವ ತಾರೀಖಿಗೆ, ವಾರದ ರಜೆ ಯಾವತ್ತು, ಹಬ್ಬದ ಸಮಯದಲ್ಲಿ ಹೆಚ್ಚು ಹೊತ್ತು ನಿಂತರೆ ಗಂಟೆಗೆ ಎಷ್ಟು, ಇಷ್ಟನ್ನೂ ಮೊದಲೇ ಹೇಳಿ. ಕೆ.ಜಿ. ಲೆಕ್ಕವೋ, ಪೀಸ್ ಲೆಕ್ಕವೋ ಆದರೆ ಒಡೆದುಹೋದ ಚಕ್ಕುಲಿ, ಬಿಚ್ಚಿ ಹೊಲಿಯುವ ಬ್ಲೌಸ್ ಯಾರ ಲೆಕ್ಕಕ್ಕೆ ಅನ್ನುವುದನ್ನೂ ಹೇಳಿ. ಎರಡು ಪುಟ್ಟ ನೋಟ್‌ಬುಕ್‌ನಲ್ಲಿ ಬರೆದು, ಒಂದು ಅವಳ ಕೈಗೆ ಕೊಡಿ. ಓದಲು ಬಾರದಿದ್ದರೆ ಓದಿ ಹೇಳಿ. ಮನೆಯಲ್ಲಿ ಅವಳ ಮಗಳು ಓದುತ್ತಾಳೆ.

‘ಇಬ್ಬರನ್ನಿಟ್ಟುಕೊಂಡ ನಮಗೆಲ್ಲಿಯ ಕಾನೂನು?’ ಅನ್ನಬೇಡಿ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಕನಿಷ್ಠ ವೇತನ ಸಣ್ಣ ಉದ್ಯೋಗದಾತರಿಗೂ ಅನ್ವಯಿಸುತ್ತದೆ. ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಒಂದೇ ಕೆಲಸಕ್ಕೆ ಗಂಡಸಿಗೊಂದು ಕೂಲಿ, ಹೆಂಗಸಿಗೊಂದು ಕೂಲಿ ಅನ್ನುವ ಹಾಗಿಲ್ಲ. ಇನ್ನೊಂದು ಮಾತು. ಅಮ್ಮನ ಜತೆ ಬಂದ ಹದಿಮೂರು ವರ್ಷದ ಹುಡುಗಿಯನ್ನು ‘ಸುಮ್ನೆ ಕೂತಿದ್ದಾಳೆ, ಪ್ಯಾಕಿಂಗ್ ಮಾಡಲಿ’ ಅಂತ ಕೂರಿಸಬೇಡಿ. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದು ಅಪರಾಧ.

ಗೌರಿ ಅವಳ ಮನೆಗೂ ಬರ್ತಾಳೆ

ನಮಗೆ ಆರ್ಡರ್ ಜಾಸ್ತಿ ಇರುವ ದಿನವೇ ಅವರು ರಜೆ ಹಾಕುತ್ತಾರೆ ಅನ್ನುವುದು ಎಲ್ಲರ ದೂರು. ಬೇಕಂತಲೇ ಹಾಕುತ್ತಾರಾ? ನಿಮ್ಮ ಮನೆಗೆ ಗೌರಿ ಬರುವ ದಿನವೇ ಅವಳ ಮನೆಗೂ ಬರ್ತಾಳೆ. ಅವಳಿಗೂ ಬಾಗಿನ ಕೊಡಬೇಕು, ತವರಿಗೆ ಹೋಗಬೇಕು. ಕೇಳಿದರೆ ನೀವು ಬಿಡುವುದಿಲ್ಲ ಅಂತ ಗೊತ್ತು. ಅದಕ್ಕೇ ಫೋನ್ ಆಫ್!

ಉಪಾಯ ಇಷ್ಟೇ. ತಿಂಗಳ ಮೊದಲ ದಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಮುಂದೆ ಎಲ್ಲರನ್ನೂ ನಿಲ್ಲಿಸಿ. ‘ಯಾರಿಗೆ ಯಾವತ್ತು ರಜೆ ಬೇಕು?’ ಅಂತ ಕೇಳಿ, ಅವರ ಹೆಸರನ್ನು ಅವರ ಕೈಯಲ್ಲೇ ಬರೆಸಿ. ಒಂದೇ ದಿನಕ್ಕೆ ಮೂವರ ಹೆಸರು ಬಿದ್ದರೆ ಅವರವರೇ ಮಾತಾಡಿಕೊಳ್ಳಲಿ. ಕರಿಯುವವಳಿಗೆ ಹಿಟ್ಟು ಕಲಸುವ ಹದ ಕಲಿಸಿ, ಪ್ಯಾಕ್ ಮಾಡುವವಳಿಗೆ ಕರಿಯಲು ಕಲಿಸಿ. ಒಬ್ಬಳು ಬರದಿದ್ದರೆ ಒಲೆ ಆರಬಾರದು. ಅಷ್ಟಾದ ಮೇಲೂ ಹೇಳದೆ ತಪ್ಪಿಸಿಕೊಂಡರೆ ಆ ದಿನದ ಸಂಬಳ ಇಲ್ಲ ಎಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಒಮ್ಮೆ ಹಿಡಿದು ಒಮ್ಮೆ ಬಿಟ್ಟರೆ ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ.

ಕಾಯಿಲೆಯ ರಜೆ ಮಾತ್ರ ಬೇರೆ. ತಿಂಗಳಿಗೆ ಒಂದು ದಿನವಾದರೂ ಸಂಬಳ ಸಹಿತ ಕೊಡಿ. ಯಾಕೆ ಗೊತ್ತಾ? ಸಂಬಳ ಹಿಡಿಯುತ್ತೀರಿ ಅಂತ ಗೊತ್ತಾದರೆ ಆಕೆ ಜ್ವರ, ಭೇದಿ ಮುಚ್ಚಿಟ್ಟುಕೊಂಡು ಬಂದು ನಿಮ್ಮ ಹಿಟ್ಟಿಗೆ ಕೈಹಾಕುತ್ತಾಳೆ. ಸಾಂಕ್ರಾಮಿಕ ಕಾಯಿಲೆ ಇದ್ದವರು ಆಹಾರ ಮುಟ್ಟಬಾರದು ಎಂದು ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ನೀವು ಉಳಿಸಿದ ಒಂದು ದಿನದ ಸಂಬಳ ನಿಮ್ಮ ಗಿರಾಕಿಯ ಹೊಟ್ಟೆ ಕೆಡಿಸಬಾರದಲ್ಲ?

ಅಡ್ವಾನ್ಸ್ ಎಂಬ ತಲೆನೋವು

‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ’ ಅನ್ನುವ ಗಾದೆ ನಮಗೆಲ್ಲ ಬಾಯಿಪಾಠ. ಆದರೂ ಮಗುವಿನ ಸ್ಕೂಲ್ ಫೀಸು, ಅತ್ತೆಯ ಆಪರೇಷನ್ನು ಅಂತ ಆಕೆ ಕಣ್ಣಲ್ಲಿ ನೀರು ತಂದುಕೊಂಡರೆ ಕರಗಿಬಿಡುತ್ತೇವೆ. ಕರಗಿ, ತಪ್ಪಿಲ್ಲ. ಆದರೆ ಮಿತಿ ಇರಲಿ. ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು ಬೇಡ. ಹಳೆಯದು ತೀರುವವರೆಗೆ ಹೊಸದು ಬೇಡ. ಆರು ಸಾವಿರ ಕೊಟ್ಟರೆ ತಿಂಗಳಿಗೆ ಸಾವಿರದಂತೆ ಆರು ಕಂತು ಎಂದು ಆ ನೋಟ್‌ಬುಕ್‌ನಲ್ಲೇ ಬರೆದು ಸಹಿ ಹಾಕಿಸಿಕೊಳ್ಳಿ, ಪ್ರತಿ ತಿಂಗಳೂ ಬಾಕಿ ಎಷ್ಟು ಎಂದು ತೋರಿಸಿ. ಪೂರ್ತಿ ಸಂಬಳವನ್ನು ಸಾಲಕ್ಕೆ ಮುರಿದುಕೊಳ್ಳುವ ಹಾಗಿಲ್ಲ. ಎಲ್ಲ ಕಡಿತ ಸೇರಿ ಅರ್ಧ ಸಂಬಳ ದಾಟಬಾರದು ಎಂದು ವೇತನ ಸಂಹಿತೆ ಹೇಳುತ್ತದೆ.

ಇನ್ನು ‘ಸಾಲ ಇದ್ದರೆ ಬಿಟ್ಟುಹೋಗಲ್ಲ’ ಅಂತ ಬೇಕಂತಲೇ ಸಾಲ ಕೊಡುವವರೂ ಇದ್ದಾರೆ. ಹಾಗೆ ಕಟ್ಟಿಹಾಕಿಕೊಂಡರೆ ಅದಕ್ಕೆ ಜೀತ ಅಂತ ಹೆಸರು. ಅದನ್ನು 1976ರಲ್ಲೇ ಕಾಯ್ದೆ ಮಾಡಿ ನಿಷೇಧಿಸಲಾಗಿದೆ.

ಆಸ್ಪತ್ರೆ, ಸಾವುನೋವು ಅಂತ ಬಂದಾಗಲೇ ಅಲ್ಲವೇ ದೊಡ್ಡ ಸಾಲ? ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ. 18ರಿಂದ 50ರೊಳಗಿನವರಾದರೆ ಜೀವನ್ ಜ್ಯೋತಿ ಯೋಜನೆಯಲ್ಲಿ 436 ರೂಪಾಯಿಗೆ 2 ಲಕ್ಷದ ಜೀವ ವಿಮೆ. ಎರಡೂ ಸೇರಿ ತಲೆಗೆ 456 ರೂಪಾಯಿ. ದೀಪಾವಳಿಗೆ ಕೊಡುವ ಸೀರೆಯ ಜತೆ ಇದನ್ನೂ ಕಟ್ಟಿಬಿಡಿ.

ಅನುಮಾನ ಬಂದಾಗ ಬಾಯಿ ಮುಚ್ಚಿಕೊಳ್ಳಿ

ಇದನ್ನು ಹೇಳಲು ನನಗೇ ನಾಚಿಕೆ. ಕೆಲವು ವರ್ಷಗಳ ಹಿಂದೆ ನಮ್ಮ ತಿಂಡಿ ಕೆಲಸದ ಡಬ್ಬಿಯಲ್ಲಿಟ್ಟಿದ್ದ ಸಾವಿರದ ಐನೂರು ರೂಪಾಯಿ ಕಾಣಲಿಲ್ಲ. ಯಾರನ್ನೂ ನೇರವಾಗಿ ಕೇಳಲಿಲ್ಲ. ‘ಹೊರಗಿನವರು ಮನೆಯೊಳಗೆ ಓಡಾಡಿದ್ರೆ ಹೀಗೇ ಆಗೋದು’ ಅಂತ ಗೋಡೆಗೆ ಹೇಳುವ ಹಾಗೆ ಹೇಳಿದೆ. ಕರಿಯುತ್ತಿದ್ದವಳು ಜಾಲರಿ ಸೌಟು ಕೆಳಗಿಟ್ಟಳು. ಮರುದಿನ ಬರಲಿಲ್ಲ. ಮೂರನೇ ದಿನ ಎಣ್ಣೆ ಅಂಗಡಿಯವರು, ‘ಯಜಮಾನ್ರು ಮೊನ್ನೆ ಬಾಕಿ ಕೊಟ್ಟು ಹೋದ್ರು ಮೇಡಂ’ ಅಂದರು. ಡಬ್ಬಿಯಿಂದ ತೆಗೆದವರು ನಮ್ಮವರೇ. ಹೇಳಲು ಮರೆತಿದ್ದರು.

ಅವಳ ಮನೆ ಹುಡುಕಿಕೊಂಡು ಹೋಗಿ ತಪ್ಪಾಯ್ತು ಅಂದೆ. ಕೂರಿಸಿ ಟೀ ಮಾಡಿಕೊಟ್ಟಳು. ‘ಪರವಾಗಿಲ್ಲ ಬಿಡಿ ಅಕ್ಕ’ ಅಂದಳು. ಕೆಲಸಕ್ಕೆ ಮಾತ್ರ ಮತ್ತೆ ಬರಲಿಲ್ಲ. ಅಷ್ಟು ಹದವಾಗಿ ಕರಿಯುವವರು ನನಗೆ ಇವತ್ತಿಗೂ ಸಿಕ್ಕಿಲ್ಲ.

ಅಂದಿನಿಂದ ವ್ಯಾಪಾರದ ದುಡ್ಡಿಗೇ ಒಂದು ಡಬ್ಬಿ, ಅದಕ್ಕೊಂದು ಬೀಗ. ದುಡ್ಡು ತೆಗೆದವರು, ಮನೆಯವರಾದರೂ ಸರಿ, ಚೀಟಿ ಬರೆದಿಡಬೇಕು. ಎಣ್ಣೆ, ಕಡಲೆಬೇಳೆ, ಗೋಡಂಬಿ ಎಷ್ಟು ಬಂತು, ಎಷ್ಟು ಉಳಿಯಿತು ಅಂತ ವಾರಕ್ಕೊಮ್ಮೆ ಎಲ್ಲರ ಎದುರಿಗೇ ತೂಗುತ್ತೇವೆ. ಇಷ್ಟು ಮಾಡಿದರೆ ಕೈಚಳಕಕ್ಕೆ ಜಾಗ ಇರುವುದಿಲ್ಲ, ಸುಮ್ಮಸುಮ್ಮನೆ ಅನುಮಾನ ಪಡುವುದಕ್ಕೂ ಇರುವುದಿಲ್ಲ.

ತಪ್ಪು ಹೇಳುವ ರೀತಿ

ಒಂದು ಬಾಣಲೆ ಸೀದುಹೋಯಿತು. ಎಲ್ಲರ ಮುಂದೆ ‘ಕಣ್ಣೆಲ್ಲಿ ಇಟ್ಕೊಂಡಿದ್ದೆ?’ ಎಂದರೆ ಮಧ್ಯಾಹ್ನದ ಚಕ್ಕುಲಿಯೂ ಸೀಯುತ್ತದೆ. ಪಕ್ಕಕ್ಕೆ ಕರೆದು, ‘ನೋಡಮ್ಮಾ, ಇವತ್ತು ಎರಡು ಕೆ.ಜಿ. ಹೋಯ್ತು. ಏನಾಯ್ತು ಹೇಳು’ ಅನ್ನಿ. ಉರಿ ಜಾಸ್ತಿಯಿತ್ತೋ, ರಾತ್ರಿ ನಿದ್ದೆಗೆಟ್ಟಿದ್ದಳೋ, ನಿಮ್ಮ ಹಿಟ್ಟೇ ಸರಿಯಿರಲಿಲ್ಲವೋ ತಿಳಿಯುತ್ತದೆ. ಅವಳ ಅಜಾಗರೂಕತೆಯಿಂದಲೇ ಆದ ನಷ್ಟವನ್ನು ಸಂಬಳದಲ್ಲಿ ಹಿಡಿಯುವುದಾದರೂ ಮೊದಲು ಅವಳ ಮಾತು ಕೇಳಲೇಬೇಕು ಅನ್ನುತ್ತದೆ ಕಾನೂನು. ಕೆಲಸದ ತಪ್ಪಿಗೆ ಕೆಲಸದ ಮಾತಾಡಿ. ಅವಳ ಮನೆತನ, ಜಾತಿ, ಗಂಡನ ಕುಡಿತ ಎಳೆದು ತರಬೇಡಿ.

ಇಬ್ಬರ ನಡುವೆ ಜಗಳ ಬಂದರೆ ಬೇರೆ ಬೇರೆ ಕರೆದು ಚಾಡಿ ಕೇಳಬೇಡಿ. ಇಬ್ಬರನ್ನೂ ಒಟ್ಟಿಗೇ ಕೂರಿಸಿ. ಅರ್ಧ ಜಗಳ ಅಲ್ಲೇ ಕರಗುತ್ತದೆ.

ಒಂದು ಸೂಕ್ಷ್ಮ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಕಾರ್ಖಾನೆ ಇರುವುದು ಮನೆಯೊಳಗೆ. ಮನೆಯ ಗಂಡಸರು, ಸಾಮಾನು ತರುವ ಹುಡುಗರು ಓಡಾಡುತ್ತಲೇ ಇರುತ್ತಾರೆ. ‘ಅವರು ಇದ್ದಾಗ ನನಗೆ ಮುಜುಗರ ಆಗುತ್ತೆ’ ಅಂತ ಯಾವಳಾದರೂ ಹೇಳಿದರೆ ಗದರಿಸಿ ಬಾಯಿ ಮುಚ್ಚಿಸಬೇಡಿ, ಅದು ನಿಮ್ಮವರ ಬಗ್ಗೆಯೇ ಆಗಿದ್ದರೂ. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆಯ ಹೆಣ್ಣುಮಕ್ಕಳೂ ಲೈಂಗಿಕ ಕಿರುಕುಳದ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. 2013ರ ಕಾಯ್ದೆ ಆ ಹಕ್ಕು ಕೊಟ್ಟಿದೆ. ಈ ವಿಷಯವನ್ನು ನೀವೇ ಅವರಿಗೆ ತಿಳಿಸಿ.

ಬಿಟ್ಟುಹೋಗುವವಳಿಗೆ

ಕೊನೆಗೊಂದು ದಿನ ಆಕೆ ಹೋಗುತ್ತಾಳೆ. ‘ಬೇರೆಯವರು ಬರೋವರೆಗೂ ಸಂಬಳ ಕೊಡಲ್ಲ’ ಅಂತ ಹಿಡಿದಿಟ್ಟುಕೊಳ್ಳಬೇಡಿ. ಕೆಲಸ ಬಿಟ್ಟರೂ, ನೀವೇ ಬಿಡಿಸಿದರೂ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಚುಕ್ತಾ ಮಾಡಬೇಕೆಂದು ವೇತನ ಸಂಹಿತೆಯಲ್ಲೇ ಇದೆ.

ನಿಮ್ಮಲ್ಲೇ ಕಲಿತು ನಾಲ್ಕು ಬೀದಿ ಆಚೆ ಅವಳೇ ಚಕ್ಕುಲಿ ಮಾಡಲು ಶುರು ಮಾಡಿದಳು ಅನ್ನಿ. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ? ಆದರೆ ನಾವೇನು ಹುಟ್ಟುವಾಗಲೇ ಕಲಿತು ಬಂದೆವಾ? ಅಮ್ಮನ ಹತ್ತಿರವೋ, ಅತ್ತೆಯ ಹತ್ತಿರವೋ ಕಲಿತದ್ದನ್ನು ಮಾರಾಟಕ್ಕಿಟ್ಟೆವು. ಅವಳು ನಿಮ್ಮ ಹತ್ತಿರ ಕಲಿತಳು. ಕೈಗೆ ಮೀರಿದ ಆರ್ಡರ್ ಬಂದಾಗ ಅವಳಿಗೇ ಹತ್ತು ಕೆ.ಜಿ. ಕೊಟ್ಟು ನೋಡಿ. ಅಷ್ಟಮಿಯ ಹಿಂದಿನ ರಾತ್ರಿ ಫೋನ್ ಎತ್ತುವವಳು ಅವಳೊಬ್ಬಳೇ ಆಗಿರಬಹುದು!

ಅವರಿಗೆ ಪ್ರೀತಿ ತೋರಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಹಬ್ಬಕ್ಕೆ ಕುಂಕುಮ ಕೊಡಿ, ಮಗಳ ಮದುವೆಗೆ ಹೋಗಿ ಬನ್ನಿ, ನೀವು ಕುಡಿಯುವ ಲೋಟದಲ್ಲೇ ಕಾಫಿ ಕೊಡಿ. ಆದರೆ ಪ್ರೀತಿಯನ್ನು ಸಂಬಳದ ಬದಲಿಗೆ ಕೊಡಬೇಡಿ. ಇವತ್ತೇ ಸಂಜೆ ಅಂಗಡಿಯಿಂದ ಎರಡು ನೋಟ್‌ಬುಕ್ ತರಿಸಿ. ಮೊದಲ ಪುಟದಲ್ಲಿ ಅವಳ ಹೆಸರು, ಅದರ ಕೆಳಗೆ ಸಂಬಳದ ತಾರೀಖು. ಅಲ್ಲಿಂದ ಶುರು ಮಾಡೋಣ, ಏನಂತೀರಿ?