ಸಂಘದ ರಸೀದಿ, ಬಾಕಿ ಬಿಲ್ ಮತ್ತು ಎರೆಭೂಮಿಯ ಗುತ್ತಿಗೆದಾರ

ಗುತ್ತಿಗೆದಾರರ ಸಂಘ ಎಂದೊಡನೆ ರಾಜ್ಯದ ಓದುಗರಿಗೆ ಇಂದಿಗೂ ನೆನಪಾಗುವುದು ಶೇ. 40 ಎಂಬ ಅಂಕಿ. ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘದ ಅಂದಿನ ಅಧ್ಯಕ್ಷ ಡಿ. ಕೆಂಪಣ್ಣ 2021ರ ಜುಲೈನಲ್ಲಿ ಪ್ರಧಾನಿಯವರಿಗೆ ಬರೆದ ಪತ್ರ ಅದೇ ವರ್ಷದ ಕೊನೆಯಲ್ಲಿ ಬಹಿರಂಗ ಚರ್ಚೆಗೆ ಬಂದಿತು. ಆಗ ಲೋಕೋಪಯೋಗಿ ಖಾತೆ ಇದ್ದದ್ದು ನರಗುಂದದ ಶಾಸಕ ಸಿ.ಸಿ. ಪಾಟೀಲರ ಬಳಿ. ಸರ್ಕಾರ ಆರೋಪವನ್ನು ಅಲ್ಲಗಳೆದು ದಾಖಲೆ ಕೇಳಿತು. 2023ರ ಚುನಾವಣೆಯಲ್ಲಿ ಆ ಅಂಕಿ ಗೋಡೆಗೋಡೆಯ ಮೇಲೆ ಕಾಣಿಸಿಕೊಂಡಿತು. ಹಣ ಕೊಟ್ಟು ಮಾಡಿಸಿದ ಯಾವ ಜಾಹೀರಾತೂ ಒಂದು ಸಂಘಕ್ಕೆ ಅಷ್ಟು ಪ್ರಚಾರ ತಂದುಕೊಡಲಾರದು.

ಆದರೆ ಆ ಪ್ರಚಾರ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಸಣ್ಣ ಗುತ್ತಿಗೆದಾರನಿಗೆ ಸಂಘದ ಸದಸ್ಯನಾಗಲು ಕಾರಣ ಒದಗಿಸಿತೇ? ಗದಗ ಜಿಲ್ಲೆಯ ಉತ್ತರದ ಈ ಮೂರು ತಾಲೂಕುಗಳಲ್ಲಿ ದೊಡ್ಡ ಕಾರ್ಖಾನೆಗಳಿಲ್ಲ, ಬಹುಮಹಡಿ ವಸತಿ ಸಮುಚ್ಚಯಗಳ ಉದ್ಯಮವೂ ಇಲ್ಲ. ಇಲ್ಲಿ ನಿರ್ಮಾಣವೆಂದರೆ ಮುಖ್ಯವಾಗಿ ಸರ್ಕಾರಿ ಕೆಲಸ: ಸಿ.ಸಿ. ರಸ್ತೆ, ಚರಂಡಿ, ಶಾಲಾ ಕೊಠಡಿ, ಅಂಗನವಾಡಿ, ಕಾಲುವೆ ದುರಸ್ತಿ. ಗಜೇಂದ್ರಗಡ 2018ರಲ್ಲಿ ರೋಣದಿಂದ ಬೇರೆಯಾಗಿ ತಾಲೂಕಾಯಿತು. ಅದರ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನಿಲ್ಲಿಸುವ ಕೆಲಸ ಹೊರಗಿನ ಕಂಪನಿಗಳದ್ದು.

ಮುಂಬಯಿ ಕೇಂದ್ರಿತ ಭಾರತೀಯ ಬಿಲ್ಡರ್ಸ್ ಅಸೋಸಿಯೇಷನ್ 1941ರಷ್ಟು ಹಳೆಯದು. ನಗರಗಳ ವಸತಿ ನಿರ್ಮಾಪಕರ ಕ್ರೆಡಾಯ್ 1999ರದ್ದು. ಅವುಗಳ ಸಭೆಗಳಲ್ಲಿ ಚರ್ಚೆಯಾಗುವುದು ಸಿಮೆಂಟ್ ದರ, ಬ್ಯಾಂಕ್ ಸಾಲ, ಭೂ ಪರಿವರ್ತನೆ. ಹೊಳೆಆಲೂರಿನಲ್ಲೋ ಕೊಣ್ಣೂರಿನಲ್ಲೋ ನಾಲ್ಕನೇ ದರ್ಜೆಯ ಪರವಾನಗಿ ಹಿಡಿದವನಿಗೆ ಆ ಚರ್ಚೆ ಬಲು ದೂರದ್ದು.

ಅವನ ಲೆಕ್ಕವನ್ನೇ ಒಮ್ಮೆ ನೋಡೋಣ. ಟೆಂಡರ್ ಹಾಕುವಾಗ ಮುಂಗಡ ಠೇವಣಿ, ಕೆಲಸ ಸಿಕ್ಕ ಮೇಲೆ ಭದ್ರತಾ ಠೇವಣಿ. ಕಡಿ, ಉಸುಕು, ಸಿಮೆಂಟ್ ಉದ್ದರಿ ಸಿಕ್ಕರೂ ಗೌಂಡಿಗಳ ಪಗಾರ ಸಂತೆಯ ದಿನ ನಗದಾಗಿಯೇ ಆಗಬೇಕು. ಅಭಿಯಂತರರು ಅಳತೆ ಪುಸ್ತಕ ಬರೆದು, ಬಿಲ್ ಮೇಲಿನ ಕಚೇರಿಗೆ ಹೋಗಿ, ಅನುದಾನ ಬಿಡುಗಡೆಯಾಗುವವರೆಗೆ ಅವನು ಸಾವಕಾರನ ಬಡ್ಡಿಗೆ ದುಡಿಯುತ್ತಾನೆ. ಸರ್ಕಾರಿ ಕಾಮಗಾರಿಯ ಮೇಲಿನ ಜಿಎಸ್‌ಟಿ 2022ರ ಜುಲೈನಲ್ಲಿ ಶೇ. 12ರಿಂದ ಶೇ. 18ಕ್ಕೆ ಏರಿದಾಗ ಹಳೆಯ ದರದಲ್ಲಿ ಕೆಲಸ ಹಿಡಿದವರು ಇಕ್ಕಟ್ಟಿಗೆ ಸಿಕ್ಕಿದರು. ಇದಕ್ಕೆ ಎರೆಭೂಮಿಯ ಖರ್ಚೂ ಸೇರುತ್ತದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವ ಕರಿಮಣ್ಣನ್ನು ಆಳಕ್ಕೆ ತೆಗೆದು ಗರಸು ತುಂಬದಿದ್ದರೆ ಗೋಡೆಯೂ ನಿಲ್ಲದು, ರಸ್ತೆಯೂ ಉಳಿಯದು. ಅಂದಾಜು ಪಟ್ಟಿ ಸಿದ್ಧಪಡಿಸುವ ಮೇಜಿಗೆ ಈ ಮಣ್ಣಿನ ಸ್ವಭಾವ ಎಷ್ಟು ಗೊತ್ತು ಎಂಬುದು ರಸ್ತೆ ಒಡೆದಾಗ ತಿಳಿಯುತ್ತದೆ. ಬೈಗುಳ ಮಾತ್ರ ಗುತ್ತಿಗೆದಾರನಿಗೆ.

ಕೆಲಸ ಕೈಗೆ ಬರುವ ದಾರಿಯೂ ಕಿರಿದಾಗಿದೆ. ಪಾರದರ್ಶಕತೆಗಾಗಿ 1999ರ ಕಾಯ್ದೆ ಟೆಂಡರನ್ನು ಕಡ್ಡಾಯಗೊಳಿಸಿತು. ಅದರದೇ 4(ಜಿ) ವಿನಾಯಿತಿಯಡಿ ನಿರ್ಮಿತಿ ಕೇಂದ್ರಕ್ಕೂ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮಕ್ಕೂ ನೇರವಾಗಿ ಕೆಲಸ ವಹಿಸಲಾಗುತ್ತದೆ. ಹಲವು ಸಣ್ಣ ಕಾಮಗಾರಿಗಳನ್ನು ಒಂದೇ ಪ್ಯಾಕೇಜಾಗಿ ಕಟ್ಟಿ ದೊಡ್ಡವರಿಗೆ ಮಾತ್ರ ಎಟಕುವಂತೆ ಮಾಡುವ ಪದ್ಧತಿ ಮತ್ತೊಂದು. ಈ ಎರಡರ ವಿರುದ್ಧವೂ ಗುತ್ತಿಗೆದಾರರ ಸಂಘಟನೆಗಳು ದನಿ ಎತ್ತುತ್ತ ಬಂದಿವೆ. ಪ್ಯಾಕೇಜ್ ಹಿಡಿದವನ ಕೈಕೆಳಗೆ ಉಪಗುತ್ತಿಗೆ ಮಾಡುವವನ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಹೆಸರೇ ಇಲ್ಲದವನು ಬಾಕಿ ಕೇಳಲು ಯಾರ ಬಾಗಿಲಿಗೆ ಹೋಗಬೇಕು?

ಬೆಳಗಾವಿಯ ಗುತ್ತಿಗೆದಾರ ಸಂತೋಷ ಪಾಟೀಲ 2022ರ ಏಪ್ರಿಲ್‌ನಲ್ಲಿ ಉಡುಪಿಯ ವಸತಿಗೃಹವೊಂದರಲ್ಲಿ ಸಾವಿಗೀಡಾದ ಪ್ರಕರಣದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಕೆ.ಎಸ್. ಈಶ್ವರಪ್ಪ ರಾಜೀನಾಮೆ ನೀಡಿದರು. ಅವರು ಆರೋಪವನ್ನು ನಿರಾಕರಿಸಿದ್ದರು. ಪೊಲೀಸರು ಬಳಿಕ ಬಿ ವರದಿ ಸಲ್ಲಿಸಿದರು. ರಾಜಕೀಯದ ಗದ್ದಲದಲ್ಲಿ ಮರೆಯಾದ ಸಂಗತಿ ಇನ್ನೊಂದಿದೆ. ಹಿಂಡಲಗಾ ಗ್ರಾಮದ ಆ ಕಾಮಗಾರಿಗಳು ಕಾರ್ಯಾದೇಶವಿಲ್ಲದೆ ನಡೆದಿದ್ದವು ಎಂಬುದೇ ಬಿಲ್ ವಿವಾದದ ಮೂಲವಾಗಿತ್ತು. ಬಾಯಿಮಾತಿನ ಮೇಲೆ ಕೆಲಸ ಆರಂಭಿಸಬೇಡ ಎಂದು ಸದಸ್ಯನನ್ನು ತಡೆದು, ಅವನ ಜಾಗಕ್ಕೆ ಮತ್ತೊಬ್ಬ ಸದಸ್ಯ ನುಗ್ಗದಂತೆ ನೋಡಿಕೊಳ್ಳುವ ಶಕ್ತಿ ತಾಲೂಕು ಮಟ್ಟದ ಸಂಘಕ್ಕಲ್ಲದೆ ಬೆಂಗಳೂರಿನ ಕಚೇರಿಗೆ ಬರಲಾರದು.

ಸರ್ಕಾರ ಬದಲಾದ ಮೇಲೆಯೂ ಬಾಕಿಯ ಕಥೆ ಮುಗಿಯಲಿಲ್ಲ. ಶೇ. 40ರ ಆರೋಪದ ತನಿಖೆಗೆ ನೇಮಕಗೊಂಡ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಕೆಂಪಣ್ಣ 2024ರಲ್ಲೇ ತೀರಿಕೊಂಡಿದ್ದರು. ಅವರ ಬಳಿಕ ಬಂದ ಆರ್. ಮಂಜುನಾಥ ನೇತೃತ್ವದಲ್ಲಿ ಸಂಘ 2025ರಲ್ಲಿ ಮುಂದಿಟ್ಟ ಬಾಕಿಯ ಲೆಕ್ಕ 30 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ್ದು. ಜ್ಯೇಷ್ಠತೆಯಂತೆ ಬಿಲ್ ಪಾವತಿಸಬೇಕು, ಮೊದಲು ಮುಗಿಸಿದವನಿಗೆ ಮೊದಲು ಕೊಡಬೇಕು ಎಂಬುದು ಅದರ ಬಹುಕಾಲದ ಬೇಡಿಕೆ. ನ್ಯಾಯವಾದ ಬೇಡಿಕೆಯೇ. ಆದರೆ ಸಾಲು ತಪ್ಪಿಸಿ ಬಿಲ್ ಪಡೆದವರೂ ಗುತ್ತಿಗೆದಾರರೇ, ಹಲವೆಡೆ ಸಂಘದವರೇ ಇರಬಹುದು. ತನ್ನ ಸದಸ್ಯರ ಬಾಕಿ ಬಿಲ್‌ಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ರೋಣದ ಉಪವಿಭಾಗ ಕಚೇರಿಯ ಎದುರು ಅಂಟಿಸುವ ಧೈರ್ಯ ಸಂಘಕ್ಕಿದ್ದರೆ ಬೇರೆ ಪ್ರಚಾರ ಬೇಕಿಲ್ಲ. ಸಚಿವರ ಸನ್ಮಾನ, ಹೊಸ ವರ್ಷದ ಕ್ಯಾಲೆಂಡರ್, ವೃತ್ತಕ್ಕೊಂದು ಅಭಿನಂದನಾ ಫಲಕ ಇವೆಲ್ಲ ಊಟವಿಲ್ಲದ ಎಲೆಯ ಮೇಲಿನ ಉಪ್ಪಿನಕಾಯಿ.

ಸಂಘಟನೆಯೆಂದರೆ ಏನೆಂದು ಈ ನೆಲಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಸಮೀಪದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ರೈತರನ್ನು ಸದಸ್ಯರನ್ನಾಗಿಸಿ ಸಹಕಾರ ಸಂಘ ಕಟ್ಟಿದರು. ಸದಸ್ಯನಾದವನಿಗೆ ಅಲ್ಲಿ ಸಾಲ ಸಿಗುತ್ತಿತ್ತು. ಸದಸ್ಯತ್ವದ ಅರ್ಥವನ್ನು ಭಾಷಣದಲ್ಲಿ ವಿವರಿಸಬೇಕಾಗಿರಲಿಲ್ಲ. ನರಗುಂದದ ರೈತರು 1980ರಲ್ಲಿ ಮಲಪ್ರಭಾ ಯೋಜನೆಯ ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತಾಗಲೂ, 2015ರ ಬಳಿಕ ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತಾಗಲೂ, ಪಾಲ್ಗೊಂಡವರಿಗೆ ತಾವು ಏನು ಕೇಳುತ್ತಿದ್ದೇವೆ ಎಂಬುದು ತಿಳಿದಿತ್ತು.

2009ರ ಮಲಪ್ರಭಾ ಪ್ರವಾಹದ ಬಳಿಕ ನಡೆದ ಪುನರ್ವಸತಿಯನ್ನೂ ಇಲ್ಲಿ ನೆನೆಯಬೇಕು. ಹೊಳೆಯ ದಂಡೆಯ ಹಳ್ಳಿಗಳಿಗೆ ‘ಆಸರೆ’ ಯೋಜನೆಯಲ್ಲಿ ದಾನಿ ಸಂಸ್ಥೆಗಳೂ ಕಂಪನಿಗಳೂ ಮನೆ ಕಟ್ಟಿಸಿದವು. ಹಂಚಿಕೆಯ ತಕರಾರು, ನೀರು-ರಸ್ತೆಗಳ ಕೊರತೆಯಿಂದ ಅನೇಕ ಮನೆಗಳು ಖಾಲಿ ಉಳಿದವು. 2019ರಲ್ಲಿ ಹೊಳೆ ಮತ್ತೆ ಉಕ್ಕಿದಾಗ ಲಖಮಾಪುರದಂಥ ಊರಿನವರು ಮತ್ತೊಮ್ಮೆ ಮನೆ ಬಿಟ್ಟು ಹೊರಡಬೇಕಾಯಿತು. ಈ ಮಣ್ಣನ್ನೂ ಈ ಜನರನ್ನೂ ಬಲ್ಲ ಸ್ಥಳೀಯ ನಿರ್ಮಾಣಕಾರರ ಮಾತಿಗೆ ಆ ಹೊತ್ತಿನಲ್ಲಿ ಬೆಲೆ ಬರಬೇಕಿದ್ದರೆ, ಅವರ ಪರವಾಗಿ ಜಿಲ್ಲಾಧಿಕಾರಿಗಳ ಎದುರು ಕೂರುವ ಗಟ್ಟಿಯಾದ ಸಂಘ ಬೇಕಾಗಿತ್ತು.

ಕೊನೆಯದಾಗಿ ಗೌಂಡಿಯ ಮಾತು. ಕೇಂದ್ರದ 1996ರ ಕಾನೂನಿನಂತೆ ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಗುತ್ತಿಗೆದಾರನ ಬಿಲ್ಲಿನಲ್ಲೇ ಕಡಿತವಾಗಿ ಕಾರ್ಮಿಕ ಕಲ್ಯಾಣ ಮಂಡಳಿಗೆ ಸೇರುತ್ತದೆ. ರಾಜ್ಯದಲ್ಲಿ ಮಂಡಳಿ 2007ರಿಂದ ಇದೆ. 18ರಿಂದ 60 ವರ್ಷದೊಳಗಿನ ಕಾರ್ಮಿಕ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದಾನೆಂಬ ದೃಢೀಕರಣವಿದ್ದರೆ ನೋಂದಣಿ. ಮಕ್ಕಳ ಓದು, ಹೆರಿಗೆ, ಮದುವೆ, ಪಿಂಚಣಿಗೆ ನೆರವು. ಕಟ್ಟಡವನ್ನೇ ಕಾಣದವರು ಕಾರ್ಡ್ ಪಡೆದ ದೂರುಗಳ ಮೇಲೆ ಇಲಾಖೆ ಬೋಗಸ್ ಕಾರ್ಡ್‌ಗಳನ್ನು ರದ್ದುಪಡಿಸುತ್ತಿದೆ. ಆ ಜರಡಿಯಲ್ಲಿ ನಿಜವಾದ ಗೌಂಡಿಯೂ ಸಿಲುಕುವುದು ಅವನ ಗುತ್ತಿಗೆದಾರ ಹಾಜರಿ ಪುಸ್ತಕ ಇಡದ ಕಾರಣಕ್ಕೆ. ಸಂಘ ತನ್ನ ಸದಸ್ಯತ್ವದ ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಬಹುದು: ಅರ್ಜಿದಾರನ ಬಳಿ ದುಡಿಯುವವರೆಷ್ಟು, ಅವರಲ್ಲಿ ನೋಂದಣಿಯಾದವರೆಷ್ಟು. ತನ್ನ ಬಿಲ್ ಸಾಲಿನಲ್ಲಿ ಬರಲಿ ಎಂದು ಕೇಳುವವನಿಗೆ ಈ ಪ್ರಶ್ನೆ ಅನ್ಯಾಯವೆನಿಸಲಾರದು.